ತೊಟ್ಟಿಕ್ಕುವ ಪೆಟ್ರೋಲ್ ನಲ್ಲಿ

ಹಳೆಯ ಮೋಟಾರ್ ಸೈಕಲ್ ನಿಂತ ಜಾಗದಲ್ಲಿ ಪೆಟ್ರೋಲಿನ ವಾಸನೆ ಇರುವುದು ಸಹಜವೆಂದು ಅನೇಕರು ಭಾವಿಸುತ್ತಾರೆ. ನೆಲದ ಮೇಲೆ ಹನಿಯ ಗುರುತೂ ಕಾಣುವುದಿಲ್ಲ. ಬಿದ್ದ ಹನಿ ಸ್ವಲ್ಪ ಹೊತ್ತಿನಲ್ಲಿಯೇ ಆವಿಯಾಗಿ ಹೋಗುತ್ತದೆ. ಕಣ್ಣಿಗೆ ಬೀಳದ ಈ ಸೋರಿಕೆಯ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ಪೆಟ್ರೋಲಿನ ಮೇಲ್ಮೈ ಸೆಳೆತವು ನೀರಿನದರ ಮೂರನೆಯ ಒಂದು ಭಾಗದಷ್ಟು ಮಾತ್ರ. ಆದುದರಿಂದ ಅದರ ಹನಿಗಳು ಚಿಕ್ಕವು. ಮಿಲಿಲೀಟರಿಗೆ ಸುಮಾರು 50 ಹನಿಗಳೆಂದು ಇಟ್ಟುಕೊಳ್ಳಬಹುದು. ಐದು ಸೆಕೆಂಡಿಗೆ ಒಂದರಂತೆ ಬಿದ್ದರೂ ದಿನಕ್ಕೆ 17,280 ಹನಿಗಳು, ಅಂದರೆ ಸುಮಾರು 350 ಮಿಲಿಲೀಟರು!

ಹಣದ ನಷ್ಟ ಹಾಗಿರಲಿ, ಅಪಾಯ ಅದಕ್ಕಿಂತ ದೊಡ್ಡದು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಾಲು ಭಾರವಾದುದು. ಅದು ಮೇಲೇರಿ ಚದರದೆ, ನೀರಿನಂತೆ ನೆಲವನ್ನು ಹಿಡಿದು ಹರಿಯುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ಒಂದೂವರೆಯಷ್ಟಾದರೂ ಸಾಕು, ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಹಜಾರದಲ್ಲಿ ನಿಲ್ಲಿಸಿದ ವಾಹನದ ಆವಿ ಹೊಸ್ತಿಲು ದಾಟಿ, ಒಳಗೆ ಉರಿಯುವ ನಂದಾದೀಪವನ್ನು ಮುಟ್ಟಬಾರದೆಂದೇನೂ ಇಲ್ಲ.

ನಮ್ಮ ಮಿತ್ರರೊಬ್ಬರ ಮನೆಯಲ್ಲಿ 1940ರ ದಶಕದ ಬ್ರಿಟಿಷ್ ಮೋಟಾರ್ ಸೈಕಲ್ಲೊಂದು ಬಹುಕಾಲ ಮೂಲೆಯಲ್ಲಿ ನಿಂತಿತ್ತು. ಅದನ್ನು ಓಡಿಸಬೇಕೆಂದು ಟ್ಯಾಂಕಿಗೆ ಪೆಟ್ರೋಲು ತುಂಬಿದ್ದೇ ತಡ, ನಲ್ಲಿ ತೊಟ್ಟಿಕ್ಕತೊಡಗಿತು. ಮುಚ್ಚಿದರೂ ನಿಲ್ಲಲಿಲ್ಲ. ಇಂಥ ಸೋರಿಕೆಯನ್ನು ಅಲಕ್ಷಿಸಿದರೆ ಪೆಟ್ರೋಲು ಕಾರ್ಬ್ಯುರೇಟರನ್ನು ದಾಟಿ ಎಂಜಿನ್ನಿನೊಳಕ್ಕೆ ಇಳಿದು, ಅಲ್ಲಿನ ಎಣ್ಣೆಯನ್ನು ತೆಳುವಾಗಿಸುವುದೂ ಉಂಟು.

ಮೆಕ್ಯಾನಿಕರು 'ಪೆಟ್ರೋಲ್ ಕಾಕ್' ಎಂದು ಕರೆಯುವ ಈ ನಲ್ಲಿಯ ರಚನೆ ಬಲು ಸರಳ. ಹಿತ್ತಾಳೆಯ ಒಡಲಿನಲ್ಲಿ ಅಡ್ಡಲಾಗಿ ಕೊರೆದ ನುಣುಪಾದ ರಂಧ್ರ. ಅದರೊಳಗೆ ಹಿಂದೆ ಮುಂದೆ ಜಾರುವ ಸರಳು. ಸರಳಿಗೆ ತೊಡಿಸಿದ ಉರುಳೆಯಾಕಾರದ ಬೆಂಡು. ಗುಂಡಿಯನ್ನು ಎಳೆದರೆ ಬೆಂಡು ಸರಿದು ಪೆಟ್ರೋಲಿಗೆ ದಾರಿ ಬಿಡುತ್ತದೆ. ಒತ್ತಿದರೆ ದಾರಿಗೆ ಅಡ್ಡ ನಿಲ್ಲುತ್ತದೆ. ಲೋಹಕ್ಕೆ ಲೋಹವನ್ನು ಎಷ್ಟು ನಯವಾಗಿ ಕೂಡಿಸಿದರೂ ನಡುವೆ ಸೂಕ್ಷ್ಮವಾದ ಸಂದು ಉಳಿಯುತ್ತದೆ. ಆ ಸಂದನ್ನು ಮುಚ್ಚಬಲ್ಲುದು ಗಟ್ಟಿತನವಲ್ಲ, ಮೆತುತನ.

ಬೆಂಡಿಗೆ ಈ ಗುಣ ಎಲ್ಲಿಂದ ಬಂತು? ಕಾರ್ಕ್ ಎಂದು ಹೆಸರಾದ ಈ ಬೆಂಡು ಪೋರ್ಚುಗಲ್, ಸ್ಪೇನ್ ಮೊದಲಾದ ದೇಶಗಳಲ್ಲಿ ಬೆಳೆಯುವ ಒಂದು ಬಗೆಯ ಓಕ್ ಮರದ ತೊಗಟೆ. ಇಂಗ್ಲೆಂಡಿನ ರಾಬರ್ಟ್ ಹುಕ್ ಅದರ ತೆಳುವಾದ ಸೀಳೊಂದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಜೇನುಹುಟ್ಟಿನಂಥ ಕೋಣೆಗಳನ್ನು ಕಂಡನು. ಒಂದು ಘನ ಅಂಗುಲದಲ್ಲಿ ಅಂಥವು 125 ಕೋಟಿಗೂ ಮಿಕ್ಕಿವೆಯೆಂದು ಎಣಿಕೆ ಹಾಕಿ, 1665ರ ತನ್ನ ಗ್ರಂಥದಲ್ಲಿ ಅವನ್ನು 'ಸೆಲ್' ಎಂದು ಕರೆದನು. ಜೀವವಿಜ್ಞಾನದ 'ಜೀವಕೋಶ'ಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ ಅದೇ ಹೆಸರು. ಗಾಳಿ ತುಂಬಿದ ಈ ಪುಟ್ಟ ಕೋಣೆಗಳು ಒತ್ತಿದಾಗ ಮಡಿಸಿಕೊಳ್ಳುತ್ತವೆ. ಬಿಟ್ಟಾಗ ಅರಳಿ ರಂಧ್ರದ ಗೋಡೆಯನ್ನು ಒತ್ತಿ ಹಿಡಿಯುತ್ತವೆ. ಟ್ಯಾಂಕು ಬರಿದಾಗಿ ಹಲವು ತಿಂಗಳು ಉಳಿದರೆ ಬೆಂಡು ಒಣಗಿ ಕುಗ್ಗುತ್ತದೆ, ಗೋಡೆಯ ಮೇಲಿನ ಅದರ ಹಿಡಿತ ಸಡಿಲುತ್ತದೆ. ನಮ್ಮ ನಲ್ಲಿಗೆ ಆದದ್ದೂ ಇಷ್ಟೆ.

ನಾವು ಮೊದಲು ವಾಹನವನ್ನು ಬಯಲಿಗೆ ತಂದು, ಎಂಜಿನ್ ತಣ್ಣಗಿರುವಾಗ, ಸುತ್ತ ದೀಪವಾಗಲಿ ಬೀಡಿಯಾಗಲಿ ಇಲ್ಲದಂತೆ ನೋಡಿಕೊಂಡು, ಪೆಟ್ರೋಲನ್ನು ತಗಡಿನ ಡಬ್ಬಿಗೆ ಇಳಿಸಿದೆವು. ಬಳಿಕ ನಲ್ಲಿಯನ್ನು ಟ್ಯಾಂಕಿನಿಂದ ಕಳಚಿ, ಚಿಕ್ಕ ತಿರುಪನ್ನು ಬಿಚ್ಚಿ ಸರಳನ್ನು ಹೊರಗೆಳೆದೆವು. ಬೆಂಡು ಮೋಟಾಗಿ, ಗಾಜಿನಂತೆ ಹೊಳೆಯುತ್ತಿತ್ತು.

ಇಲ್ಲಿ ನಾವು ಮಾಡಿದ ಒಂದು ತಪ್ಪನ್ನು ಮರೆಮಾಚಬಾರದು. ಹೊಸ ಬೆಂಡು ಸಿಕ್ಕದಿದ್ದಾಗ ಹಳೆಯ ಸೈಕಲ್ ಟ್ಯೂಬಿನ ರಬ್ಬರನ್ನು ಕತ್ತರಿಸಿ ಸುತ್ತಿದೆವು. ಮೊದಲ ದಿನ ಒಂದು ಹನಿಯೂ ಬೀಳಲಿಲ್ಲ, ನಾವು ಬೀಗಿದೆವು. ಕೆಲವು ದಿನಗಳಲ್ಲಿ ರಬ್ಬರೂ ಬೀಗಿ, ಸರಳು ಅಲುಗದಂತೆ ಸಿಕ್ಕಿಕೊಂಡಿತು! ರಬ್ಬರು, ಪೆಟ್ರೋಲು ಎರಡೂ ಇಂಗಾಲ, ಜಲಜನಕಗಳ ಸಂಯುಕ್ತಗಳು. ಸ್ವಭಾವ ಒಂದಾದವರಲ್ಲಿ ಸ್ನೇಹ ಬೇಗ ಬೆಳೆಯುವಂತೆ, ಪೆಟ್ರೋಲಿನ ಅಣುಗಳು ರಬ್ಬರಿನ ಉದ್ದನೆಯ ಸರಪಣಿಗಳ ನಡುವೆ ನುಸುಳಿ ಅದನ್ನು ಉಬ್ಬಿಸುತ್ತವೆ. ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡ ನಲ್ಲಿ, ಸೋರುವ ನಲ್ಲಿಗಿಂತಲೂ ಅಪಾಯಕರ. ಬೆಂಕಿ ಹೊತ್ತಿದರೆ ಪೆಟ್ರೋಲಿನ ಹರಿವನ್ನು ತಡೆಯಲು ಬೇರೆ ಉಪಾಯವಿಲ್ಲ.

ಮತ್ತೆ ಬೆಂಡನ್ನೇ ಆಶ್ರಯಿಸಿದೆವು. ಸರಳನ್ನು ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದಿಟ್ಟಾಗ, ಸುಕ್ಕುಗಟ್ಟಿದ ಕೋಶಭಿತ್ತಿಗಳು ಮೃದುವಾಗಿ ಹಿಗ್ಗಿ, ಬೆಂಡು ಕಣ್ಣೆದುರಿಗೇ ದುಂಡಗಾಯಿತು. ಕೆಲವು ನಲ್ಲಿಗಳಲ್ಲಿ ಸರಳಿನ ತುದಿಯ ತಿರುಪನ್ನು ಬಿಗಿಸಿ ಬೆಂಡನ್ನು ಹಿಗ್ಗಿಸುವ ಏರ್ಪಾಡೂ ಇರುತ್ತದೆ. ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಿದರೆ ಒಣ ಬೆಂಡು ಸೀಳಬಹುದು. ರಂಧ್ರವನ್ನೂ ಜಾಲರಿಯನ್ನೂ ತೊಳೆದು, ಟ್ಯಾಂಕಿಗೂ ನಲ್ಲಿಗೂ ನಡುವೆ ಹೊಸ ನಾರಿನ ವಾಷರನ್ನು ಹಾಕಿ ಜೋಡಿಸಿದೆವು. ಅರ್ಧ ಲೀಟರು ಪೆಟ್ರೋಲು ಹಾಕಿ, ಕೆಳಗೆ ಒಣ ಕಾಗದವನ್ನು ಹಾಸಿ, ಬಯಲಿನಲ್ಲಿಯೇ ಒಂದು ಗಂಟೆ ಕಾದೆವು. ಕಾಗದ ಒಣಗಿಯೇ ಇತ್ತು.

ಆದರೆ ಇದು ತಾತ್ಕಾಲಿಕ ಚಿಕಿತ್ಸೆ. ಭಾರತದ ಪೆಟ್ರೋಲಿನಲ್ಲಿ ಎಥನಾಲಿನ ಮಿಶ್ರಣ 2025ರಲ್ಲಿ ನೂರಕ್ಕೆ 20ರ ಮಟ್ಟವನ್ನು ಮುಟ್ಟಿತು. ಹಳೆಯ ಕುಶಲಿಗಳು ನಲ್ಲಿಯ ತಿರುಪುಗಳಿಗೆ ಬಳಿಯುತ್ತಿದ್ದ ಅರಗು ಪೆಟ್ರೋಲಿಗೆ ಜಗ್ಗದು, ಆದರೆ ಆಲ್ಕೊಹಾಲಿನಲ್ಲಿ ಕರಗುತ್ತದೆ. ಮರಕ್ಕೆ ಮೆರುಗು ಕೊಡುವವರು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸುವುದನ್ನು ವಿದ್ಯಾರ್ಥಿಗಳು ನೋಡಿರಬಹುದು. ಆದುದರಿಂದ ಬೆಂಡಿನ ಬದಲು ಫ್ಲೂರೋ ರಬ್ಬರಿನ ಉಂಗುರಗಳುಳ್ಳ ಸರಳನ್ನು ತೊಡಿಸುವುದು ಈಗ ಲೇಸು. ಅದರ ಅಣುಗಳಲ್ಲಿ ಜಲಜನಕದ ಬಹುಪಾಲು ಸ್ಥಾನವನ್ನು ಫ್ಲೂರಿನ್ ಆಕ್ರಮಿಸಿರುವುದರಿಂದ ಪೆಟ್ರೋಲಿನೊಡನೆ ಅದರ ಸ್ನೇಹ ಬೆಳೆಯುವುದಿಲ್ಲ. ನಾವೂ ಕೊನೆಗೆ ಹಾಗೆಯೇ ಮಾಡಿದೆವು.

ಸೋರುವ ನಲ್ಲಿಯನ್ನು ಕಂಡಾಗ ನಮ್ಮ ಕೈ ಮೊದಲು ಸ್ಪ್ಯಾನರನ್ನು ಹುಡುಕುತ್ತದೆ. ಇನ್ನಷ್ಟು ಬಿಗಿಸಿದರೆ ನಿಂತೀತೆಂಬ ಆಸೆ. ಒಣಗಿದ ಬೆಂಡಿಗೆ ಬಲವೇನು ಮಾಡೀತು? ಯಾವ ವಸ್ತು ಯಾವ ದ್ರವದೊಡನೆ ಹೇಗೆ ವರ್ತಿಸುತ್ತದೆಂಬುದನ್ನು ಅರಿತ ಬಳಿಕ ಸ್ಪ್ಯಾನರಿಗೆ ಕೈ ಹಾಕುವುದು ಒಳ್ಳೆಯದು.