ಬೆಂಕಿಯ ಕಾವಲು: ಬೆಟ್ಟದ ಮೇಲೊಂದು ಇರುಳು

ಶಿವರಾತ್ರಿ ಕಳೆದು ಹುಲ್ಲು ಒಣಗಿತೆಂದರೆ ಮಲೆನಾಡಿನ ಬೆಟ್ಟಗಳಿಗೆ ಅಗ್ನಿಯ ಭಯ ಆರಂಭವಾಗುತ್ತದೆ. ಇರುಳಿನಲ್ಲಿ ದೂರದ ಗುಡ್ಡದ ಮೇಲೆ ಹರಿಯುವ ಕೆಂಪು ಗೆರೆಯನ್ನು ಕಂಡು, ದೀಪಗಳ ಸಾಲಿನಂತಿದೆಯೆಂದು ಸಂತೋಷಪಡುವ ಪಟ್ಟಣಿಗರೂ ಉಂಟು. ಆ ಗೆರೆಯ ಹಿಂದೆ ಸುಟ್ಟುಹೋಗುವ ಗೂಡು, ಮರಿ, ಮೊಳಕೆಗಳ ಲೆಕ್ಕ ಅವರಿಗೆ ತಿಳಿಯದು.

ಅಮೆರಿಕಾ ದೇಶದಲ್ಲಿ 1910ರ ಆಗಸ್ಟ್ ತಿಂಗಳ ಎರಡೇ ದಿನಗಳಲ್ಲಿ ಸುಮಾರು 30 ಲಕ್ಷ ಎಕರೆ ಅರಣ್ಯವು ಭಸ್ಮವಾಯಿತು. ಎಂಬತ್ತಕ್ಕೂ ಹೆಚ್ಚು ಜನ ಮಡಿದರು. ಅನಂತರ ಅಲ್ಲಿನ ಅರಣ್ಯ ಇಲಾಖೆಯು ಶಿಖರಗಳ ಮೇಲೆ ಕಾವಲು ಗೋಪುರಗಳನ್ನು ಹೆಚ್ಚಾಗಿ ಕಟ್ಟಿಸಿತು. ಸುತ್ತಲೂ ಗಾಜಿನ ಕಿಟಕಿಗಳುಳ್ಳ ಒಂದೇ ಕೋಣೆ. ನಡುವೆ ನಕಾಶೆಯ ಮೇಲೆ ದಿಕ್ಕನ್ನಳೆಯುವ ಉಪಕರಣ. ಹೊಗೆಯ ಎಳೆಯೊಂದು ಕಂಡೊಡನೆ ಕಾವಲುಗಾರನು ಅದರ ದಿಕ್ಕನ್ನು ತಿಳಿಸುವನು. ಇನ್ನೊಂದು ಗೋಪುರದವನು ತಿಳಿಸಿದ ದಿಕ್ಕಿನ ಗೆರೆಯು ಇದನ್ನು ಎಲ್ಲಿ ಕತ್ತರಿಸುವುದೋ ಅಲ್ಲಿಯೇ ಬೆಂಕಿ. ಸಿಡಿಲಿನ ರಾತ್ರಿಗಳಲ್ಲಿ ನಿಲ್ಲುವುದಕ್ಕೆಂದು ಕಾಲುಗಳಿಗೆ ಗಾಜು ತೊಡಿಸಿದ ಮಣೆಯೂ ಇರುತ್ತಿತ್ತು. ಜ್ಯಾಕ್ ಕೆರೊವಾಕ್ ಎಂಬ ಲೇಖಕನು 1956ರಲ್ಲಿ ಇಂಥ ಗೋಪುರದಲ್ಲಿ 63 ದಿನ ಒಬ್ಬನೇ ಇದ್ದನು. ಏಕಾಂತವನ್ನು ಅನುಷ್ಠಾನವೆಂದೇ ಕಲಿತ ನಮಗೆ ಇದು ಕುತೂಹಲದ ಸಂಗತಿ. ಆತನಿಗೇನೋ ಅದು ಸುಲಭವಾಗಿ ಒಗ್ಗಲಿಲ್ಲ. ಈಗ ಅಲ್ಲಿನ ಹಲವು ಹಳೆಯ ಗೋಪುರಗಳನ್ನು ಪ್ರವಾಸಿಗರ ರಾತ್ರಿವಾಸಕ್ಕೆ ಬಾಡಿಗೆಗೆ ಕೊಡುತ್ತಾರೆ.

ಅಲ್ಲಿ ಸಿಡಿಲಿನಿಂದಲೂ ಕಾಡು ಹೊತ್ತುವುದುಂಟು. ನಮ್ಮಲ್ಲಿ ಬಹುಮಟ್ಟಿಗೆ ಮನುಷ್ಯನ ಕೈಯೇ ಕಾರಣ: ಎಸೆದ ಬೀಡಿ, ಹೊಸ ಹುಲ್ಲಿನ ಆಸೆ, ಕೆಲವೊಮ್ಮೆ ಬರಿಯ ದ್ವೇಷ. 2004ರಿಂದ ಉಪಗ್ರಹಗಳ ನೆರವಿನಿಂದ ಎಚ್ಚರಿಕೆ ದೊರೆಯುತ್ತಿದೆ, ನಿಜ. ಆದರೆ ಉಪಗ್ರಹವು ಬೆಂಕಿಯನ್ನು ಆರಿಸದು. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಬೆಂಕಿಯನ್ನು ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಅದಕ್ಕೇ ಬಲಿಯಾದರು. ಎರಡು ವರ್ಷಗಳ ತರುವಾಯ ಅಲ್ಲಿಯೇ ಹತ್ತು ಸಾವಿರ ಎಕರೆಗೂ ಮಿಕ್ಕಿ ಕಾಡು ಸುಟ್ಟಿತು.

ನಮಗೆ ಇಂಥ ಕಾವಲಿನ ಒಂದು ಇರುಳು ದೊರೆತದ್ದು ಕೆಮ್ಮಣ್ಣುಗುಂಡಿಯಲ್ಲಿ. ದುರ್ಗಿಗುಡಿಯಿಂದ ಹೊರಟು ಭದ್ರಾವತಿ, ತರೀಕೆರೆ, ಲಿಂಗದಹಳ್ಳಿಗಳ ಮಾರ್ಗವಾಗಿ ಸಂಜೆಗೆ ಬೆಟ್ಟವನ್ನೇರಿದೆವು. ಭದ್ರಾವತಿಯ ಕಾರ್ಖಾನೆಗೆ ಒಂದು ಕಾಲಕ್ಕೆ ಅದಿರು ಹೋದದ್ದು ಈ ಬೆಟ್ಟದಿಂದ. ಅದನ್ನು ಕರಗಿಸಿದ್ದು ನಮ್ಮ ಕಾಡುಗಳ ಇದ್ದಿಲು. ಇಲ್ಲಿ ಗಾಜಿನ ಗೋಪುರವಿರಲಿಲ್ಲ. ಅತಿಥಿಗೃಹದ ಮುಂದಿನ ಬಯಲಿನಲ್ಲಿ ಕಂಬಳಿ ಹೊದ್ದು ಮೂವರು ಬೆಂಕಿ ಕಾವಲುಗಾರರು ಕುಳಿತಿದ್ದರು. ಅವರ ಬಳಿಯಲ್ಲಿಯೇ ನಾವೂ ಕುಳಿತೆವು.

"ಹಗಲೊತ್ತು ಹೊಗೆ ನೋಡ್ತೀವಿ ಗುರುಗಳೇ, ರಾತ್ರಿ ಬೆಂಕಿ ನೋಡ್ತೀವಿ. ಮಂಜು ಇಳಿದ್ರೆ ಎರಡೂ ಕಾಣಲ್ಲ. ಆಗ ವಾಸನೆ ಹಿಡೀತೀವಿ" ಎಂದರು ಅವರಲ್ಲಿ ಹಿರಿಯರು.

ನಡುರಾತ್ರಿಯ ಹೊತ್ತಿಗೆ ಎದುರಿನ ಹುಲ್ಲುಗುಡ್ಡದಲ್ಲಿ ಕಿಡಿಯೊಂದು ಮೂಡಿ, ನೋಡನೋಡುತ್ತಿದ್ದಂತೆ ಗೆರೆಯಾಯಿತು. ಮೂವರೂ ಎದ್ದರು. ಕೈಯಲ್ಲಿ ಕತ್ತಿ ಮತ್ತು ಟಾರ್ಚು. ಬೆಂಕಿಯನ್ನು ಬಡಿಯಲು ಹಸಿ ಸೊಪ್ಪಿನ ಕೊಂಬೆಗಳನ್ನು ದಾರಿಯಲ್ಲಿಯೇ ಕಡಿದುಕೊಳ್ಳಬೇಕು. ಆ ಕೆಂಪು ಗೆರೆ ತುಂಡುತುಂಡಾಗಿ ಆರುವುದನ್ನು ಎಣಿಸುತ್ತ ನಾವು ಎಚ್ಚರವಾಗಿಯೇ ಇದ್ದೆವು.

ಬೆಳಗಿನ ಜಾವ ಅವರು ಮರಳಿದರು. ಮುಖವೆಲ್ಲ ಮಸಿ, ಕಿರಿಯವನ ಚಪ್ಪಲಿಯ ಅಂಚು ಕರಗಿತ್ತು. ನಿಂತಂತೆಯೇ ಚಹಾ ಕುಡಿದು ಹಗಲಿನ ಕಾವಲಿಗೆ ನಡೆದರು.