ಉರಿಯುವುದೆಲ್ಲ ಸೌದೆಯಲ್ಲ

ಕನ್ನಡನಾಡಿನ ಹಳ್ಳಿಯ ಮನೆಗಳಲ್ಲಿ ಹಿಂದಿನಿಂದಲೂ ಎರಡು ಒಲೆಗಳುಂಟು. ಒಂದು ಅಡುಗೆಯ ಒಲೆ, ಇನ್ನೊಂದು ಬಚ್ಚಲ ಒಲೆ. ಅಡುಗೆಯ ಒಲೆಗೆ ಚೆನ್ನಾಗಿ ಒಣಗಿದ ಸೌದೆಯನ್ನು ಆರಿಸಿ ಇಡುವುದು ವಾಡಿಕೆ. ಉಳಿದುದೆಲ್ಲವೂ ಬಚ್ಚಲ ಒಲೆಯ ಪಾಲು. ತೆಂಗಿನ ಸೋಗೆ, ಕರಟ, ಮುರಿದ ಕುರ್ಚಿಯ ಕಾಲು, ಹಳೆಯ ಕಿಟಕಿಯ ಚೌಕಟ್ಟು, ಸಾಮಾನು ತುಂಬಿ ಬಂದ ಪೆಟ್ಟಿಗೆಯ ಹಲಗೆ ಎಲ್ಲವೂ ಅದರ ಬಾಯಿಗೆ ಬೀಳುತ್ತವೆ. ಅಡುಗೆಮನೆಗೆ ಅನಿಲದ ಒಲೆ ಬಂದ ಮೇಲೂ ಅನೇಕ ಮನೆಗಳಲ್ಲಿ ಬಚ್ಚಲ ಒಲೆ ಆರಿಲ್ಲ. ನೀರು ಕಾಯಿಸುವುದಕ್ಕೆ ಯಾವ ಕಟ್ಟಿಗೆಯಾದರೇನು ಎಂಬ ಭಾವನೆಯೂ ಹೋಗಿಲ್ಲ.

ನಮ್ಮ ಹಿರಿಯರು ಈ ವಿಷಯದಲ್ಲಿ ಎಚ್ಚರವಿಲ್ಲದವರಾಗಿರಲಿಲ್ಲ. ಕಣಗಿಲೆಯ ಕಡ್ಡಿಯನ್ನು ಒಲೆಗಿಡಬಾರದೆಂದು ಅವರು ಬಲ್ಲವರಾಗಿದ್ದರು. ಕಾಡುಗೇರಿನ ಮರವನ್ನು ಸುಟ್ಟರೆ ಅದರ ಹೊಗೆ ತಾಗಿ ಮೈ ಊದಿಕೊಂಡು ತುರಿಕೆಯೇಳುವುದೆಂಬುದೂ ಅವರಿಗೆ ತಿಳಿದಿತ್ತು. ಆದರೆ ಇದು ಕಾಡಿನಿಂದ ನೇರವಾಗಿ ಮನೆಗೆ ಬಂದ ಮರಗಳನ್ನು ಕುರಿತ ತಿಳಿವಳಿಕೆ. ಇಂದು ಒಲೆಯ ಬಳಿಗೆ ಬರುವ ಮರವು ಕಾರ್ಖಾನೆಯನ್ನು ಹಾದು ಬಂದಿರಬಹುದು. ಅಲ್ಲಿ ಅದಕ್ಕೆ ಏನನ್ನು ಉಣಿಸಿದ್ದಾರೆಂಬುದನ್ನು ಹಿರಿಯರ ಅನುಭವವು ಹೇಳಲಾರದು. ಅದನ್ನು ವಿಜ್ಞಾನದಿಂದಲೇ ಅರಿಯಬೇಕು.

ಕಡಿದ ಮರಕ್ಕೆ ಶತ್ರುಗಳು ಬಹಳ. ಗೆದ್ದಲು ಅದನ್ನು ಒಳಗಿನಿಂದ ತಿಂದು ಟೊಳ್ಳು ಮಾಡುತ್ತದೆ. ಕೊರೆಯುವ ಹುಳುಗಳು ಅದನ್ನು ಹಿಟ್ಟಾಗಿಸುತ್ತವೆ. ತೇವ ತಗಲಿದಲ್ಲಿ ಶಿಲೀಂಧ್ರಗಳು ಬೆಳೆದು ಅದನ್ನು ಕೊಳೆಯಿಸುತ್ತವೆ. ಸಾಗುವಾನಿಯಂತಹ ಕೆಲವು ಮರಗಳ ಕೆಚ್ಚಿಗೆ ಇವನ್ನು ತಡೆಯುವ ಶಕ್ತಿ ಸಹಜವಾಗಿಯೇ ಇದೆ. ಆದರೆ ಅಂತಹ ಮರಗಳು ವಿರಳ. ಅವುಗಳ ಬೆಲೆಯೂ ಹೆಚ್ಚು. ನೀಲಗಿರಿ, ರಬ್ಬರು, ಪೈನ್ ಮುಂತಾದ ಬೇಗ ಬೆಳೆಯುವ ಮರಗಳು ಸುಲಭವಾಗಿ ದೊರೆಯುತ್ತವೆಯಾದರೂ ಅವು ಬೇಗ ಹಾಳಾಗುತ್ತವೆ. ಆದುದರಿಂದ ಅವುಗಳಿಗೆ ರಾಸಾಯನಿಕಗಳನ್ನು ಊಡಿಸಿ ಬಾಳಿಕೆಯನ್ನು ಹೆಚ್ಚಿಸುವ ವಿಧಾನಗಳು ಬಳಕೆಗೆ ಬಂದವು. ಇದಕ್ಕೆ ಮರದ ಸಂಸ್ಕರಣವೆಂದು ಹೆಸರು.

1838ರಲ್ಲಿ ಇಂಗ್ಲೆಂಡಿನ ಜಾನ್ ಬೆಥೆಲ್ ಎಂಬಾತನು ಮರವನ್ನು ಉರುಳೆಯೊಳಗಿಟ್ಟು, ಅದರೊಳಗಿನ ಗಾಳಿಯನ್ನು ಹೀರಿ ತೆಗೆದು, ಬಳಿಕ ಒತ್ತಡದಿಂದ ಎಣ್ಣೆಯನ್ನು ಮರದ ಒಡಲಿಗೆ ತುಂಬುವ ವಿಧಾನಕ್ಕೆ ಹಕ್ಕುಪತ್ರವನ್ನು ಪಡೆದನು. ಹೀಗೆ ತುಂಬುತ್ತಿದ್ದ ಎಣ್ಣೆ ಕ್ರಿಯೋಸೋಟ್. ಕಲ್ಲಿದ್ದಲ ಟಾರಿನಿಂದ ಬಟ್ಟಿಯಿಳಿಸಿದ ಈ ಕಪ್ಪು ಎಣ್ಣೆಯನ್ನು ಕುಡಿದ ಸ್ಲೀಪರುಗಳು ರೈಲುಹಳಿಗಳ ಕೆಳಗೆ ಮಳೆಬಿಸಿಲನ್ನು ತಾಳಿ ದಶಕಗಳ ಕಾಲ ಬಾಳಿದವು.

ಎರಡನೆಯ ಹೆಜ್ಜೆಯನ್ನು ಇಟ್ಟವನು ಭಾರತೀಯನೆಂಬುದು ಹೆಮ್ಮೆಯ ಸಂಗತಿ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ ಅವರು 1933ರಲ್ಲಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್‌ಗಳ ಲವಣಗಳನ್ನು ನೀರಿನಲ್ಲಿ ಕರಗಿಸಿ ಮರಕ್ಕೆ ಊಡುವ ವಿಧಾನವನ್ನು ಕಂಡುಹಿಡಿದರು. ಈ ಮಿಶ್ರಣದಲ್ಲಿ ತಾಮ್ರವು ಶಿಲೀಂಧ್ರಗಳನ್ನು ತಡೆಯುತ್ತದೆ. ಆರ್ಸೆನಿಕ್ ಗೆದ್ದಲನ್ನು ಕೊಲ್ಲುತ್ತದೆ. ಕ್ರೋಮಿಯಂ ಇವೆರಡನ್ನೂ ಮರದ ನಾರಿಗೆ ಬಿಗಿಯಾಗಿ ಕಟ್ಟಿಹಾಕುತ್ತದೆ. ಆದುದರಿಂದ ಮಳೆಯ ನೀರು ಈ ಲವಣಗಳನ್ನು ಸುಲಭವಾಗಿ ತೊಳೆದೊಯ್ಯಲಾರದು. ಈ ವಿಧಾನವು ಜಗತ್ತಿನ ಅನೇಕ ದೇಶಗಳಿಗೆ ಹರಡಿ ದೂರವಾಣಿಯ ಕಂಬ, ಬೇಲಿಯ ಗೂಟ, ಮನೆಯ ಜಗಲಿ, ಸೇತುವೆಯ ತೊಲೆ ಮೊದಲಾದವುಗಳ ಆಯುಷ್ಯವನ್ನು ಹೆಚ್ಚಿಸಿತು. ಅದರಿಂದ ಎಷ್ಟೋ ಕಾಡು ಉಳಿಯಿತೆಂಬುದನ್ನೂ ಮರೆಯಬಾರದು.

ಹಾಗಾದರೆ ಅಪಾಯವೆಲ್ಲಿದೆ? ಮರವು ಕಂಬವಾಗಿ ನಿಂತಿರುವವರೆಗೆ ಅಪಾಯ ಅಲ್ಪ. ಅದು ಸೌದೆಯಾದ ಕ್ಷಣದಿಂದ ಅಪಾಯ ಮೊದಲಾಗುತ್ತದೆ. ನೀರು ಬಿಡಿಸಲಾರದ ಗಂಟನ್ನು ಬೆಂಕಿ ಬಿಡಿಸುತ್ತದೆ.

ಬೆಂಕಿಯು ಎಲ್ಲವನ್ನೂ ಸುಟ್ಟು ಶುದ್ಧಗೊಳಿಸುವುದೆಂದು ಜನರ ನಂಬಿಕೆ. ಇದು ಅರ್ಧ ಮಾತ್ರ ನಿಜ. ಇಂಗಾಲ, ಜಲಜನಕ ಮುಂತಾದವುಗಳಿಂದ ರಚಿತವಾದ ಸಂಯುಕ್ತಗಳನ್ನು ತೀವ್ರವಾದ ಬೆಂಕಿಯು ಒಡೆಯಬಲ್ಲುದು. ಆದರೆ ಆರ್ಸೆನಿಕ್, ಸೀಸ, ಕ್ರೋಮಿಯಂ ಇವು ಮೂಲಧಾತುಗಳು. ಯಾವ ಒಲೆಯ ಬೆಂಕಿಯೂ ಮೂಲಧಾತುವನ್ನು ನಾಶಮಾಡಲಾರದು. ಅದು ಧಾತುವಿನ ರೂಪವನ್ನೂ ಅದು ಇರುವ ಎಡೆಯನ್ನೂ ಬದಲಿಸಬಹುದು, ಅಷ್ಟೆ. ಒಲೆಗೆ ಹೋದ ಆರ್ಸೆನಿಕ್ ಒಂದೋ ಹೊಗೆಯೊಡನೆ ಹೊರಬರಬೇಕು, ಇಲ್ಲವೇ ಬೂದಿಯಲ್ಲಿ ಉಳಿಯಬೇಕು. ಅದಕ್ಕೆ ಮೂರನೆಯ ದಾರಿಯಿಲ್ಲ.

ಹೊಗೆಯೊಡನೆ ಹೊರಡುವ ಆರ್ಸೆನಿಕ್ ಮುಖ್ಯವಾಗಿ ಅದರ ಟ್ರೈಆಕ್ಸೈಡಿನ ರೂಪದಲ್ಲಿರುತ್ತದೆ. ಕನ್ನಡದಲ್ಲಿ ಬಹು ಹಿಂದಿನಿಂದಲೂ ಪಾಷಾಣವೆಂದು ಹೆಸರಾದ ಬಿಳಿಯ ವಿಷವೇ ಇದು. ಇದಕ್ಕೆ ಬಣ್ಣವಿಲ್ಲ, ಎಚ್ಚರಿಸುವಂತಹ ವಾಸನೆಯಿಲ್ಲ. ಹೊಗೆ ತಣ್ಣಗಾದಾಗ ಇದು ನವುರಾದ ಧೂಳಾಗಿ ಗೋಡೆಯ ಮೇಲೆ, ಪಾತ್ರೆಯ ಮೇಲೆ, ಹಾಸಿಗೆಯ ಮೇಲೆ ಕೂರುತ್ತದೆ. ಉಸಿರಿನೊಡನೆ ಶ್ವಾಸಕೋಶವನ್ನು ಸೇರುತ್ತದೆ. ಕೆಂಡದ ಮೇಲೆ ಸುಟ್ಟ ಹಪ್ಪಳಕ್ಕೂ ಬದನೆಕಾಯಿಗೂ ಅಂಟುತ್ತದೆ.

ಇದು ಬರಿಯ ಊಹೆಯಲ್ಲ. ಅಮೆರಿಕದ ವಿಸ್ಕಾನ್‌ಸಿನ್ ರಾಜ್ಯದ ಹಳ್ಳಿಗಾಡಿನಲ್ಲಿ ಎಂಟು ಜನರ ಒಂದು ಕುಟುಂಬವಿತ್ತು. ಮೂರು ವರ್ಷಗಳ ಕಾಲ ಆ ಮನೆಯವರನ್ನು ಕಾಯಿಲೆಗಳು ಬಿಡದೆ ಕಾಡಿದವು. ಕಣ್ಣುರಿ, ಎದೆಯ ಸೋಂಕು, ಮೂಗಿನಲ್ಲಿ ರಕ್ತ, ಚರ್ಮದ ಮೇಲೆ ಗಂದೆ, ಸ್ನಾಯುಗಳ ಸೆಳೆತ, ತಲೆಗೂದಲು ಉದುರುವಿಕೆ ಮತ್ತು ಮೂರ್ಛೆ ಇವುಗಳಲ್ಲಿ ಸೇರಿದ್ದವು. ಚಳಿಗಾಲದಲ್ಲಿ ರೋಗ ಉಲ್ಬಣಿಸುವುದು, ಬೇಸಗೆಯಲ್ಲಿ ಇಳಿಯುವುದು; ಮತ್ತೆ ಚಳಿಗಾಲದಲ್ಲಿ ಮರುಕಳಿಸುವುದು. ಈ ಏರಿಳಿತದಲ್ಲಿಯೇ ರೋಗದ ಮೂಲ ಅಡಗಿತ್ತು. ಚಳಿಯನ್ನು ನೀಗಲು ಅವರು ಮನೆಯೊಳಗಿನ ಒಲೆಯಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಊಡಿದ ಮರದ ತುಂಡುಗಳನ್ನು ಉರಿಸುತ್ತಿದ್ದರು. ಅವರ ಕೂದಲಿನಲ್ಲಿಯೂ ಉಗುರಿನಲ್ಲಿಯೂ ಆರ್ಸೆನಿಕ್ ಕಂಡುಬಂದಿತು. ಈ ವೃತ್ತಾಂತವು 1984ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆಚ್ಚಗಿರಲೆಂದು ಹೊತ್ತಿಸಿದ ಒಲೆಯೇ ಆ ಮನೆಗೆ ವಿಷವನ್ನು ಹರಡುತ್ತಿದ್ದಿತು.

ಹೊಗೆಗಿಂತಲೂ ಬೂದಿಯ ಕಥೆ ನಮಗೆ ಹೆಚ್ಚು ಹತ್ತಿರದ್ದು. ಸಾಧಾರಣವಾಗಿ ನೂರು ಕಿಲೋಗ್ರಾಂ ಒಣಸೌದೆ ಉರಿದರೆ ಉಳಿಯುವ ಬೂದಿ ಒಂದು ಕಿಲೋಗ್ರಾಂ ಆಸುಪಾಸು. ಮರವು ಉರಿದುಹೋಗುತ್ತದೆ, ಅದರಲ್ಲಿದ್ದ ಲೋಹಗಳ ಬಹುಪಾಲು ಉರಿಯದೆ ಉಳಿಯುತ್ತದೆ. ನೆಲದಲ್ಲಿ ಹೂಳುವ ಕಂಬಗಳಿಗೆ ಅಮೆರಿಕದ ಮಾನಕದಂತೆ ಒಂದು ಘನ ಮೀಟರು ಮರಕ್ಕೆ 6.4 ಕಿಲೋಗ್ರಾಂ ಸಂರಕ್ಷಕವನ್ನು ಊಡುತ್ತಿದ್ದರು. ಅಷ್ಟು ಮರದಲ್ಲಿ ಹರಡಿಕೊಂಡಿದ್ದ ವಿಷವು ಅಲ್ಪ ಪ್ರಮಾಣದ ಬೂದಿಯಲ್ಲಿ ಒತ್ತಾಗಿ ಸೇರುತ್ತದೆ. ಮೇಲಾಗಿ, ಮರದಲ್ಲಿ ಬಿಗಿಯಾಗಿದ್ದ ಲವಣವು ಬೂದಿಯಲ್ಲಿ ಸಡಿಲವಾಗಿರುತ್ತದೆ. ನೀರಿಗೆ ಸುಲಭವಾಗಿ ಬಿಟ್ಟುಕೊಳ್ಳುತ್ತದೆ.

ನಮ್ಮ ಮನೆಗಳಲ್ಲಿ ಬೂದಿ ಕಸವಲ್ಲ; ಅದು ಪದಾರ್ಥ. ತೆಂಗಿನ ನಾರಿನಿಂದ ಬೂದಿ ಹಚ್ಚಿ ಪಾತ್ರೆಗಳನ್ನು ಬೆಳಗುತ್ತಾರೆ. ಬಿತ್ತನೆಯ ಬೀಜಕ್ಕೆ ಹುಳು ಬೀಳದಂತೆ ಬೂದಿ ಬೆರೆಸಿ ಇಡುತ್ತಾರೆ. ಬದನೆ, ಅವರೆ ಗಿಡಗಳ ಮೇಲೆ ಎರಚುತ್ತಾರೆ. ಉಳಿದುದನ್ನು ತಿಪ್ಪೆಗೆ ಸುರಿದು ಗೊಬ್ಬರವಾಗಿಸುತ್ತಾರೆ. ಒಳ್ಳೆಯ ಸೌದೆಯ ಬೂದಿಗೆ ಇವೆಲ್ಲ ತಕ್ಕ ಉಪಯೋಗಗಳೇ. ಆದರೆ ಬಚ್ಚಲ ಒಲೆಯಲ್ಲಿ ಉರಿದ ಒಂದು ಸಂಸ್ಕರಿತ ಗೂಟವು ಈ ಹಾದಿಗಳಲ್ಲೆಲ್ಲ ನಡೆದು ಊಟದ ತಟ್ಟೆಯನ್ನೂ ಹಿತ್ತಿಲ ಮಣ್ಣನ್ನೂ ಬಾವಿಯ ನೀರನ್ನೂ ಸೇರಬಲ್ಲುದು. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಇಷ್ಟು ಸೂಕ್ಷ್ಮವಾದ ಮಿತಿಯ ಮುಂದೆ ಒಂದು ಹಿಡಿ ಬೂದಿಯೂ ದೊಡ್ಡದೇ.

ಕ್ರಿಯೋಸೋಟ್ ಕುಡಿದ ಮರದ ಅಪಾಯ ಬೇರೆ ಬಗೆಯದು. ಇದರಲ್ಲಿರುವ ಸಂಯುಕ್ತಗಳು ತೀವ್ರವಾದ ಬೆಂಕಿಯಲ್ಲಿ ಒಡೆಯುತ್ತವೆ. ಆದರೆ ಮನೆಯ ಒಲೆಯಲ್ಲಿ ಅಂತಹ ಬೆಂಕಿಯಿಲ್ಲ. ಅರೆಬೆಂದ ಎಣ್ಣೆ ದಟ್ಟವಾದ ಕರಿಹೊಗೆಯಾಗಿ ಏಳುತ್ತದೆ. 1775ರಷ್ಟು ಹಿಂದೆಯೇ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಎಂಬಾತನು ಚಿಮಣಿಗಳ ಮಸಿ ಗುಡಿಸುವವರಿಗೆ ಒಂದು ಬಗೆಯ ಕ್ಯಾನ್ಸರ್ ಬರುವುದನ್ನು ಗುರುತಿಸಿದ್ದನು. ಕಲ್ಲಿದ್ದಲ ಮಸಿಯಲ್ಲಿರುವ ಅಂತಹ ವಸ್ತುಗಳು ಕ್ರಿಯೋಸೋಟಿನಲ್ಲಿಯೂ ಇವೆ. ಭಾರತೀಯ ರೈಲ್ವೆಯು ಕಾಂಕ್ರೀಟ್ ಸ್ಲೀಪರುಗಳಿಗೆ ಹೊರಳಿದ ಮೇಲೆ ಕಿತ್ತು ತೆಗೆದ ಮರದ ಸ್ಲೀಪರುಗಳು ಹಲವರ ಕೈಸೇರಿವೆ. ಅವು ಚೆನ್ನಾಗಿ ಹೊತ್ತಿಕೊಳ್ಳುತ್ತವೆಂಬುದೇ ಅವುಗಳನ್ನು ಒಲೆಗೆಳೆಯುವ ಆಮಿಷ.

ಬಣ್ಣ ಬಳಿದ ಹಳೆಯ ಬಾಗಿಲು ಕಿಟಕಿಗಳಲ್ಲಿ ಸೀಸವಿರುವ ಸಂಭವ ಹೆಚ್ಚು. ಮನೆಗೆ ಬಳಿಯುವ ಬಣ್ಣದ ಹತ್ತು ಲಕ್ಷ ಭಾಗಗಳಲ್ಲಿ ಸೀಸವು 90 ಭಾಗಗಳನ್ನು ಮೀರಬಾರದೆಂಬ ನಿಯಮವು ನಮ್ಮ ದೇಶದಲ್ಲಿ 2016ರಲ್ಲಿ ರೂಪುಗೊಂಡು 2017ರಲ್ಲಿ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ಬಣ್ಣಕ್ಕೆ ಆ ಕಟ್ಟಿಲ್ಲ. ಸೀಸವು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಪ್ಲೈವುಡ್ ಮತ್ತು ಒತ್ತುಹಲಗೆಗಳ ಪದರಗಳನ್ನು ಬೆಸೆಯುವ ಅಂಟು ಉರಿದಾಗ ಕಣ್ಣು ಗಂಟಲುಗಳನ್ನು ಉರಿಸುವ ಫಾರ್ಮಾಲ್ಡಿಹೈಡ್ ಮೊದಲಾದ ಅನಿಲಗಳು ಹೊರಡುತ್ತವೆ. ಹಲಗೆಗೆ ಪ್ಲಾಸ್ಟಿಕ್ಕಿನ ಹೊದಿಕೆಯಿದ್ದರೆ ಹಾನಿ ಇನ್ನೂ ಹೆಚ್ಚುತ್ತದೆ.

ಇಂತಹ ಮರವನ್ನು ಗುರುತಿಸುವುದು ಹೇಗೆ? ಹೊಸದಾಗಿ ಲವಣ ಊಡಿದ ಮರಕ್ಕೆ ತಿಳಿಹಸಿರು ಛಾಯೆಯಿರುತ್ತದೆ. ಆದರೆ ವರುಷಗಳು ಕಳೆದಂತೆ ಅದು ಬೂದುಬಣ್ಣಕ್ಕೆ ತಿರುಗಿ ಸಾಮಾನ್ಯ ಹಳೆಯ ಮರದಂತೆಯೇ ಕಾಣುತ್ತದೆ. ಟಾರಿನ ವಾಸನೆ, ಕಪ್ಪು ಜಿಡ್ಡು, ಅಂಚಿನಲ್ಲಿ ಕಾಣುವ ಪದರಗಳು, ಬಣ್ಣದ ಕುರುಹು ಇವು ಇತರ ಸೂಚನೆಗಳು. ಹೊರದೇಶಗಳಿಗೆ ಹೋಗಿಬರುವ ಸರಕಿನ ಪೆಟ್ಟಿಗೆ ಹಲಗೆಗಳ ಮೇಲೆ 2002ರಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ನಿಯಮದಂತೆ ಗೋಧಿಯ ತೆನೆಯ ಮುದ್ರೆಯಿರುತ್ತದೆ. ಅದರ ಬಳಿ 'ಎಚ್‌ಟಿ' ಎಂದಿದ್ದರೆ ಮರದ ತಿರುಳನ್ನು 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಇಟ್ಟು ಹುಳುಗಳನ್ನು ಕೊಂದಿದ್ದಾರೆಂದು ಅರ್ಥ. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲವನ್ನು ಹಾಯಿಸಿದ್ದಾರೆಂದು ಅರ್ಥ. ಅದು ಒಲೆಗೆ ಸಲ್ಲದು. ಮೊದಲನೆಯ ಮುದ್ರೆಯಿದ್ದರೂ ಮೇಲೆ ಎಣ್ಣೆಯೋ ಬಣ್ಣವೋ ರಾಸಾಯನಿಕವೋ ಚೆಲ್ಲಿದ ಕಲೆಯಿದ್ದಲ್ಲಿ ಅದನ್ನೂ ದೂರವಿಡಬೇಕು. ಒಟ್ಟಿನಲ್ಲಿ, ಹುಟ್ಟು ತಿಳಿಯದ ಮರವನ್ನು ಉರಿಸದಿರುವುದೇ ಸರಿಯಾದ ನಿಯಮ.

ಹೊಗೆಕೊಳವೆಯಿರುವ ಒಲೆಯಿದ್ದರೆ ಸಾಕೆಂದು ಕೆಲವರು ವಾದಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ರೂಪಿಸಿದ ಅಸ್ತ್ರ ಒಲೆಯು ಸೌದೆಯನ್ನು ಉಳಿಸಿ, ಹೊಗೆಯನ್ನು ಅಡುಗೆಮನೆಯಿಂದ ಹೊರಗೆ ಕಳುಹಿಸಿ, ಎಷ್ಟೋ ಗೃಹಿಣಿಯರ ಕಣ್ಣೀರನ್ನು ತಪ್ಪಿಸಿತು. ಶುದ್ಧ ಸೌದೆಯ ಹೊಗೆಯೂ ಶರೀರಕ್ಕೆ ಹಿತವಲ್ಲವಾದುದರಿಂದ ಅಂತಹ ಒಲೆಯು ಎಲ್ಲ ಬಗೆಯಿಂದಲೂ ಒಳ್ಳೆಯದು. ಆದರೆ ಹೊಗೆಕೊಳವೆಯು ವಿಷವನ್ನು ಮನೆಯಿಂದ ಅಂಗಳಕ್ಕೆ ಸಾಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಬೂದಿಯಂತೂ ಒಲೆಯಲ್ಲಿಯೇ ಉಳಿಯುತ್ತದೆ. ಆದುದರಿಂದಲೇ ಜರ್ಮನಿಯು 2002ರಲ್ಲಿ ಹೊರಡಿಸಿದ ಆಜ್ಞೆಯಲ್ಲಿ ಹಳೆಯ ಮರವನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿ, ಸ್ಲೀಪರು ಮತ್ತು ಕಂಬಗಳನ್ನು ಕೊನೆಯ ವರ್ಗಕ್ಕೆ ಸೇರಿಸಿತು. ಅಂತಹ ಮರವನ್ನು ಹೊಗೆಯನ್ನು ಸೋಸುವ ವ್ಯವಸ್ಥೆಯಿರುವ ದೊಡ್ಡ ಕುಲುಮೆಗಳಲ್ಲಿ ಮಾತ್ರ ಸುಡಬಹುದು. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಆರ್ಸೆನಿಕ್ ಊಡುವುದನ್ನು ನಿಲ್ಲಿಸಲಾಯಿತು. ಆದರೆ ಅದಕ್ಕೆ ಮುನ್ನ ನೆಟ್ಟ ಕಂಬಗಳು ದೀರ್ಘಾಯುಗಳು. ಅವು ಕಳಚಿ ಬೀಳುವ ಕಾಲ ಈಗ ಬಂದಿದೆ.

ಈ ತಿಳಿವಳಿಕೆಯು ಹೆಚ್ಚಾಗಿ ಬೇಕಾದುದು ಬಡವರಿಗೆ. ನಗರಗಳಲ್ಲಿ ಕಟ್ಟಡ ಕಟ್ಟುವ ಕೂಲಿಕಾರರು ಕೆಲಸದ ಸ್ಥಳದಲ್ಲಿಯೇ ಗುಡಿಸಲು ಹಾಕಿಕೊಂಡು ಮೂರು ಕಲ್ಲಿನ ಒಲೆ ಹೂಡುತ್ತಾರೆ. ಎಣ್ಣೆ ಬಳಿದ ಸೆಂಟ್ರಿಂಗ್ ಹಲಗೆಯ ಚೂರು, ಪ್ಲೈವುಡ್ಡಿನ ತುಂಡು, ಹಳೆಯ ಬಾಗಿಲು ಇವೇ ಅವರ ಸೌದೆ. ಅದನ್ನು ತಪ್ಪೆನ್ನುವುದು ಸುಲಭ. ಆದರೆ ಅವರಿಗೆ ಬೇರೆ ಉರುವಲು ಎಲ್ಲಿದೆ? ಕೆಲಸ ಮಾಡಿಸುವವರು ಅವರಿಗೆ ಯೋಗ್ಯವಾದ ಉರುವಲನ್ನು ಒದಗಿಸುವುದು ಕರ್ತವ್ಯವೇ ಹೊರತು ದಯೆಯಲ್ಲ.

ವಿದ್ಯಾರ್ಥಿಗಳ ಪಾಲಿಗೂ ಇಲ್ಲಿ ಕೆಲಸವಿದೆ. ಹೋಳಿಹುಣ್ಣಿಮೆಯ ಮುನ್ನ ಊರೂರಿನ ಹುಡುಗರು ಕಾಮದಹನಕ್ಕಾಗಿ ಕಟ್ಟಿಗೆ ಕೂಡಿಸುತ್ತಾರೆ. ಆ ಬೆಂಕಿಯ ಕೆಂಡವನ್ನು ಮನೆಗೆ ತಂದು ಒಲೆ ಹೊತ್ತಿಸುವ ಪದ್ಧತಿ ಉತ್ತರ ಕರ್ನಾಟಕದಲ್ಲಿದೆ. ಅಂತಹ ಬೆಂಕಿಗೆ ಒಣಗಿದ ಕೊಂಬೆ, ಕುಳ್ಳು, ತೊಗರಿಯ ಕಟ್ಟಿಗೆ ಸಲ್ಲುತ್ತವೆ. ಬಣ್ಣದ ಬಾಗಿಲು, ಕರಿಸ್ಲೀಪರು, ಪ್ಲೈವುಡ್ ಸಲ್ಲುವುದಿಲ್ಲ. ಇಂತಹ ಮರ ಗಟ್ಟಿಯಾಗಿದ್ದರೆ ಬೇಲಿಗೋ ಕೊಟ್ಟಿಗೆಯ ಮಾಡಿಗೋ ಬಳಸಬಹುದು. ದನದ ಗೋದಲಿಗೆ ಬಳಸಬಾರದು. ಕೆಲಸಕ್ಕೆ ಬಾರದಂತಾದರೆ ಸುಡದೆ ಬೇರೆಯಾಗಿಟ್ಟು ಕಸ ಸಂಗ್ರಹಿಸುವವರಿಗೆ ತಿಳಿಸಿ ಕೊಡಬೇಕು. ಯಾವುದನ್ನು ಒಲೆಗೆ ಇಡಬಾರದೆಂದು ಕಣಗಿಲೆಯ ಕಡ್ಡಿಯನ್ನು ತೋರಿಸಿ ಹಿರಿಯರು ಕಿರಿಯರಿಗೆ ಹೇಳುತ್ತಿದ್ದರು. ಕಾರ್ಖಾನೆಯನ್ನು ಹಾದು ಬಂದ ಮರದ ವಿಷಯದಲ್ಲಿ ಅದೇ ಮಾತನ್ನು ಕಿರಿಯರು ಹಿರಿಯರಿಗೆ ಹೇಳಬೇಕಾದ ಕಾಲ ಇದು.