ಅಂಗಡಿ ಸಾಲ ಹೊತ್ತುಕೊಂಡೇ ಊರಿಗೆ ರಸ್ತೆ ಹಾಕಿಸಿದ ವ್ಯಾಪಾರಿ
ಅಮೆರಿಕದ ಅಧ್ಯಕ್ಷರಾಗಿದ್ದ ಹ್ಯಾರಿ ಟ್ರೂಮನ್ ಅದಕ್ಕೂ ಮೊದಲು ಅಂಗಡಿ ಇಟ್ಟು ಕೈ ಸುಟ್ಟುಕೊಂಡವರು. ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಎಂಬ ಸಣ್ಣ ಪಟ್ಟಣದವರು. ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದ ಕ್ಯಾಪ್ಟನ್. ಯುದ್ಧ ಮುಗಿಸಿ ಬಂದು, 1919ರಲ್ಲಿ ಸೇನೆಯ ಗೆಳೆಯ ಎಡ್ಡಿ ಜೇಕಬ್ಸನ್ ಜೊತೆ ಪಕ್ಕದ ಕಾನ್ಸಸ್ ಸಿಟಿಯಲ್ಲಿ ಗಂಡಸರ ಶರ್ಟು, ಟೈ, ಟೋಪಿ ಅಂಗಡಿ ತೆರೆದರು.

ಮೊದಮೊದಲು ವ್ಯಾಪಾರ ಜೋರಾಗಿತ್ತು. ಆಮೇಲೆ ಬೆಳೆಗಳ ಬೆಲೆ ಬಿತ್ತು, ಗಿರಾಕಿಗಳ ಕೈಯಲ್ಲಿ ಕಾಸಿಲ್ಲದಾಯ್ತು. ದುಬಾರಿಗೆ ತಂದಿದ್ದ ಮಾಲಿನ ಬೆಲೆ ಇಳಿಯಿತು, ಸಾಲ ಮಾತ್ರ ಇಳಿಯಲಿಲ್ಲ. 1922ರಲ್ಲಿ ಅಂಗಡಿ ಬಾಗಿಲು ಹಾಕಿತು. ಪಾಲುದಾರ ಕೊನೆಗೆ ದಿವಾಳಿ ಅರ್ಜಿ ಹಾಕಿದರು, ಟ್ರೂಮನ್ ಹಾಕಲಿಲ್ಲ.

ಅದೇ ವರ್ಷ ಜಾಕ್ಸನ್ ಕೌಂಟಿಯ ‘ಜಡ್ಜ್’ ಆಗಿ ಚುನಾವಣೆ ಗೆದ್ದರು. ಇದು ಕೋರ್ಟಿನ ಕೆಲಸ ಅಲ್ಲ. ನಮ್ಮ ಜಿಲ್ಲಾ ಪಂಚಾಯಿತಿ ಥರ ರಸ್ತೆ, ಕಟ್ಟಡ, ತೆರಿಗೆ ಹಣ ನೋಡಿಕೊಳ್ಳೋದು. 1924ರಲ್ಲಿ ಸೋತು, 1926ರಲ್ಲಿ ಮುಖ್ಯ ಜಡ್ಜ್ ಆಗಿ ಗೆದ್ದು ಬಂದರು. 1928ರಲ್ಲಿ ಮತದಾರರು ರಸ್ತೆಗೆಂದು 65 ಲಕ್ಷ ಡಾಲರ್ ಸಾಲ ಎತ್ತಲು ಒಪ್ಪಿದರು. ಅವರನ್ನು ಬೆಳೆಸಿದ ಪೆಂಡರ್‌ಗಾಸ್ಟ್ ರಾಜಕೀಯ ಗುಂಪು ಗುತ್ತಿಗೆ ತಮ್ಮವರಿಗೇ ಸಿಗಲಿ ಅಂತಿತ್ತು. ಟ್ರೂಮನ್ ಕಡಿಮೆ ದರ ಕೂಗಿದವರಿಗೆ ಕೊಟ್ಟು ಕಾಂಕ್ರೀಟ್ ರಸ್ತೆ ಹಾಕಿಸಿದರು.

ಅಷ್ಟು ಹಣ ಅವರ ಕೈಯಲ್ಲಿ ಓಡಾಡಿದ ಆ ದಿನಗಳಲ್ಲೂ ಅಂಗಡಿ ಸಾಲ ಇನ್ನೂ ಪೂರ್ತಿ ತೀರಿರಲಿಲ್ಲ.